ನಡುಗೋಡೆ

ಹದಿನೈದು ವರ್ಷ
ಬೇರೆಯವರ ನೆಲವನ್ನೇ ಸೂರು ಅಂದುಕೊಂಡೆವು.
ಮಡಿಕೇರಿಯ ಆ ಇಳಿಜಾರಿನಲ್ಲಿ
ರಸ್ತೆಯಿಂದ ನೋಡಿದರೆ ಎರಡನೇ ಮಹಡಿ,
ಹಿಂದಿನ ಕಣಿವೆಯಿಂದ ಎಣಿಸಿದರೆ ನಾಲ್ಕನೆಯದು;
ನಾವಿರುವುದು ಎಷ್ಟು ಎತ್ತರದಲ್ಲೆಂದು
ಕೊನೆಗೂ ತೀರ್ಮಾನವಾಗಲಿಲ್ಲ.

ಮೇಲಿನ ಲೀಲಾವತಿ ಟೀಚರ್
ರಾತ್ರಿ ಹತ್ತಕ್ಕೆ ಕುರ್ಚಿ ಎಳೆಯುತ್ತಾರೆ.
ಒಂದೇ ಎಳೆತ, ಗರ್ರನೆ,
ದಿನದ ಅಡಿಗೆ ಗೆರೆ ಹಾಕಿದ ಹಾಗೆ.
ಆಮೇಲೆ ನಾನು ದೀಪ ಆರಿಸುತ್ತೇನೆ.
ಮೆಟ್ಟಿಲಲ್ಲಿ ಸಿಕ್ಕರೆ ನಮ್ಮಲ್ಲಿರುವ ಮಾತು
"ನೀರು ಬಂತಾ?"
ಅಷ್ಟೇ.

ಅಂಚೆ ಕಚೇರಿಯಲ್ಲಿ ನನ್ನ ಕೆಲಸ ವಿಳಾಸ ಓದುವುದು.
ಎಂಥ ಕೋಳಿಕಾಲು ಬರಹಕ್ಕೂ ಒಂದು ಬಾಗಿಲು ಹುಡುಕಿಕೊಡುತ್ತೇನೆ.
ನನ್ನದೇ ವಿಳಾಸ ಬರೆಯುವಾಗ ಮಾತ್ರ
ಫಾರಮ್ಮಿನ ಚೌಕಗಳು ಸಾಲುತ್ತಿರಲಿಲ್ಲ:
ಬ್ಲಾಕು, ಮಹಡಿ, ನಂಬರು, ಹಿಂಭಾಗ, ಪೆಟ್ರೋಲ್ ಬಂಕಿನ ಎದುರು.

ಪುತ್ತರಿಯ ಕದಿರು ತಂದು ಬಾಗಿಲಿಗೆ ಕಟ್ಟಿದ ವರ್ಷ
ಸೆಕ್ರೆಟರಿ ನೋಟೀಸು ಅಂಟಿಸಿದರು:
ಸಾರ್ವಜನಿಕ ಜಾಗದಲ್ಲಿ ಭತ್ತ ಉದುರುತ್ತಿದೆ, ಇಲಿ ಬರುತ್ತವೆ.
ಚಿಣ್ಣಪ್ಪ ಜಗಳಕ್ಕೆ ಹೋಗಲಿಲ್ಲ.
ಬಿಚ್ಚಿ ತಂದು ಫ್ರಿಜ್ಜಿನ ಹಿಡಿಗೆ ಕಟ್ಟಿದ.
ಹಾಲಿಗೆಂದು ತೆರೆದಾಗಲೆಲ್ಲ
ಪಾದದ ಮೇಲೆ ಎರಡು ಕಾಳು.
ಮನೆ ಕೊಳ್ಳುವುದು ಅವತ್ತೇ ನಿರ್ಧಾರವಾಯಿತೆನ್ನುತ್ತಾನೆ.
ಸುಳ್ಳು. ಆಮೇಲೂ ಆರು ವರ್ಷ ಇದ್ದೆವು.

ಐನ್‌ಮನೆ ಇದೆಯಲ್ಲ, ಅನ್ನುತ್ತಾರೆ ಕೇಳಿದವರು.
ಇದೆ. ನಲವತ್ತೆರಡು ಸಂಸಾರಕ್ಕೆ ಅದರಲ್ಲಿ ಪಾಲು;
ನಮಗೆ ಬರುವುದು, ಲೆಕ್ಕ ಹಾಕಿದರೆ,
ಒಂದು ಕಂಬದ ನೆರಳು,
ಅದೂ ಮಧ್ಯಾಹ್ನದ ಮೇಲೆ.

ಕುಶಾಲನಗರದ ಸಾಲುಮನೆ ತೋರಿಸಿದ್ದು ಹಂಸಾಕ.
ಹದಿನಾರು ಅಡಿ ಅಗಲ,
ಬೆಂಕಿಪೊಟ್ಟಣವನ್ನು ನೆಟ್ಟಗೆ ನಿಲ್ಲಿಸಿದ ಹಾಗೆ.
"ಗುಡ್ಡ ಜಾರುವ ಭಯ ಇಲ್ಲ ನೋಡಿ, ಎಲ್ಲ ಸಮತಟ್ಟು."
ಸಮತಟ್ಟಿಗೆ ಬೇರೆ ಭಯ ಇದೆಯಲ್ಲ.
ಮೂಲೆಯ ಟೈಲರಂಗಡಿಗೆ ಹೋಗಿ
ಕಾವೇರಿ ಎಲ್ಲಿವರೆಗೆ ಬಂದಿದ್ದಳೆಂದು ಕೇಳಿದೆ.
ಆತ ಕೊರಳಿನ ಟೇಪು ತೆಗೆದ:
ಈ ಸಾಲಿನಲ್ಲಿ ಮೆಟ್ಟಿಲು ಮುಟ್ಟಿ ಹೋದಳು,
ಆಚೆ ಬೀದಿಯಲ್ಲಿ ಮೂವತ್ತಾರು ಇಂಚು.
ಯಾರದೋ ಸೊಂಟದಳತೆ ಹೇಳುವಷ್ಟು ಸಲೀಸಾಗಿ.

ಅಡುಗೆಮನೆಯ ಹಿಂದೆ ಎರಡು ಚಾಪೆಯಷ್ಟು ಮಣ್ಣು.
ದೇಚು ಅದರ ಮೇಲೆ ನಿಂತು
"ಇದರ ಕೆಳಗೆ ಯಾರಿದ್ದಾರೆ?" ಎಂದಳು.
ಯಾರೂ ಇಲ್ಲ.
ಕುಣಿದಳು, ಶೂ ಹಾಕಿಕೊಂಡೇ.
ಹನ್ನೊಂದು ವರ್ಷ ಹೇಳಿದ "ಮೆಲ್ಲಗೆ"
ನಾಲಿಗೆಯ ತುದಿಗೆ ಬಂದು
ಅಲ್ಲೇ ಕೂತಿತು.

ಕಂಬ ಹತ್ತಿ ಹತ್ತಿ ಸವೆದವು ಲೈನ್‌ಮನ್ ಮಂಡಿ.
ಒಳಗಿನ ಮೆಟ್ಟಿಲು ಎಣಿಸಿದ: ಹದಿನೇಳು.
ಇಲ್ಲೂ ಹತ್ತಬೇಕಲ್ಲ ಮಾರಾಯ, ಎಂದೆ.
"ಹತ್ತಿದ ಮೇಲೂ ಮನೆಯೊಳಗೇ ಇರ್ತೀವಲ್ಲ."

ಆಮೇಲೆ ನಡುಗೋಡೆಗೆ ಕಿವಿಯಿಟ್ಟು
ಇಟ್ಟಿಗೆಯೋ ಬ್ಲಾಕೋ ಎಂದು
ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದ.
ಆ ಕಡೆಯಿಂದ ಯಾರೋ
ಮೂರು ಸಲ ತಟ್ಟಿದರು.

ಹಂಸಾಕನ ಬೆಲೆಯ ಮಾತು ಅರ್ಧಕ್ಕೆ ನಿಂತಿತು.
ಚಿಣ್ಣಪ್ಪ ಇನ್ನೊಮ್ಮೆ, ಈ ಸಲ ಎರಡು.
ಆ ಕಡೆಯೂ ಎರಡು. ಸ್ವಲ್ಪ ತಡೆದು,
ನಗು ತಡೆಯಲಾಗದೆ ಎಂಬಂತೆ,
ಇನ್ನೊಂದು.

ಅಡ್ವಾನ್ಸು ಕೊಟ್ಟು ಬಂದೆವು.
ಕೊನೆಯ ಕಂತಿನ ತಿಂಗಳೇ ನನ್ನ ನಿವೃತ್ತಿ;
ಎರಡನ್ನೂ ಒಂದೇ ಕ್ಯಾಲೆಂಡರು ಕಾಣಬೇಕು.

ಈ ರಾತ್ರಿ ಹತ್ತು ಗಂಟೆ. ಮೇಲೆ ಕುರ್ಚಿ.
ದೀಪ ಆರಿಸಲಿಲ್ಲ.
ಪೊರಕೆಯ ಹಿಡಿಯಿಂದ ಸೂರಿಗೆ
ಮೂರು ಸಲ, ಮೆಲ್ಲಗೆ.

ಮೇಲೆ ಸದ್ದಿಲ್ಲ.
ಬಹಳ ಹೊತ್ತಿನ ಮೇಲೆ ಮೆಟ್ಟಿಲಲ್ಲಿ ಚಪ್ಪಲಿ,
ಬಾಗಿಲಲ್ಲಿ ಶಾಲು ಹೊದ್ದ ಗಾಬರಿಯ ಮುಖ:
"ಏನಾಯ್ತು, ನೀರು ಬಂತಾ?"

ಒಳಗೆ ಬನ್ನಿ ಟೀಚರ್, ಎಂದೆ.
ಕುರ್ಚಿ ಎಳೆದು ಕೊಟ್ಟೆ, ಗರ್ರನೆ.
ಕೆಳಗಿನ ಮನೆಯಲ್ಲಿ ಯಾರೋ
ದೀಪ ಆರಿಸಿರಬೇಕು.