ಒತ್ತಕ್ಷರಕ್ಕೆ ದುಡ್ಡಿಲ್ಲ

ಅಕ್ಷರಕ್ಕೆ ನಲವತ್ತು. ನೆರಳು ಬೇಕಾದರೆ ಅರವತ್ತು.
ಒತ್ತಕ್ಷರಕ್ಕೆ ದುಡ್ಡಿಲ್ಲ.
ಮಂಡ್ಯದ ಗುತ್ತಲು ರಸ್ತೆ, ಸೈಕಲ್ ಷಾಪಿನ ಪಕ್ಕ.
ಇಪ್ಪತ್ತಾರು ವರ್ಷದಲ್ಲಿ ದರ ಏರಿದೆ,
ನ್ಯಾಯ ಅದೇ.

ಹೊಳಲಿನ ಬೆಟ್ಟಸ್ವಾಮಿ ಹೊಸ ಟ್ರ್ಯಾಕ್ಟರ್ ತಂದು ನಿಲ್ಲಿಸಿದ.
ಜೊತೆಗೆ ಮಗಳು ಇಂಪನ, ಏಳನೇ ಕ್ಲಾಸು,
ಕಂಕುಳಲ್ಲಿ ನೋಟ್‌ಬುಕ್ಕು.
"ದೇವರ ಹೆಸರು ಬ್ಯಾಡವಂತೆ. ಚಂದ್ರಲೋಕದ ರಾಕೆಟ್ಟಿಂದೇ ಬೇಕಂತೆ.
ನೀನೇ ಒಂದು ಆರಿಸ್ಕೊಡು."

ಹುಡುಗಿ ಓದಿದಳು:
ಮನುಷ್ಯರನ್ನು ಮೊದಲು ಹೊತ್ತದ್ದು ಸ್ಯಾಟರ್ನ್, ಐದನೆಯದು.
ಸ್ಯಾಟರ್ನ್ ಅಂದರೆ ಯಾರವ್ವಾ?
"ಶನಿ."
ಬೆಟ್ಟಸ್ವಾಮಿ ಬಾನೆಟ್ಟಿನ ಮೇಲಿಂದ ಕೈ ತೆಗೆದ.
ಪಂಚಮ ಶನಿ!
ಅವನು ಬಂದರೆ ನಾವು ಎಳ್ಳೆಣ್ಣೆ ಸುಡುತ್ತೇವೆ;
ಅವರು ಸೀಮೆಎಣ್ಣೆ ಸುಟ್ಟರು,
ನೀರಾಗಿಸಿದ ಗಾಳಿ ಬೆರೆಸಿ,
ಸೆಕೆಂಡಿಗೆ ಹದಿಮೂರು ಟನ್.

ಹದಿಮೂರು ಟನ್ ಅಂದರೆ ಒಂದು ಟ್ರೈಲರ್ ಕಬ್ಬು.
ಒಂದು ಅನ್ನುವಷ್ಟರಲ್ಲಿ ಒಂದು ಲೋಡು,
ಎರಡು ಅನ್ನುವಷ್ಟರಲ್ಲಿ ಇನ್ನೊಂದು,
ಫ್ಯಾಕ್ಟರಿ ಗೇಟಿನಿಂದ ಹೆದ್ದಾರಿವರೆಗೆ
ಹಗಲೂ ರಾತ್ರಿ ಬೀಡಿ ಸೇದುತ್ತ ನಿಂತ ಸಾಲು
ಎರಡೂವರೆ ನಿಮಿಷಕ್ಕೆ ಖಾಲಿ.
ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ರಷ್ಯದವರದ್ದಕ್ಕೆ ಒಂದೇ ಅಕ್ಷರ, ಒಂದು ಅಂಕಿ.
ನಾಲ್ಕು ಸಲ ಎದ್ದು ನಾಲ್ಕು ಸಲವೂ ಬಿತ್ತಂತೆ.
"ಹೆಸರಿಡದೆ ತೊಟ್ಟಿಲಿಗೆ ಹಾಕಿದ್ರೆ ಇನ್ನೇನಾಗತ್ತೆ,"
ಪಂಪು ಹೊಡೆಯುತ್ತ ಮುನೀರ ಅಲ್ಲಿಂದಲೇ ಕೂಗಿದ.
ಈಗಿನ ಅಮೆರಿಕದ್ದು 'ಉಡಾವಣಾ ವ್ಯವಸ್ಥೆ',
ನೀರಾವರಿ ಇಲಾಖೆಯ ಬೋರ್ಡಿನ ಹಾಗೆ.
ಅಂಥ ಬೋರ್ಡು ಬರೆದಿದ್ದೇನೆ; ಬಿಲ್ಲು ಪಾಸಾಗಲು ಮೂರು ವರ್ಷ.

ಇನ್ನು ನಮ್ಮದು.
ಮೈಮೇಲೆ ಮೂರು ಇಂಗ್ಲಿಷ್ ಅಕ್ಷರ, ಒಂದು ಮೂರು.
ಜನರ ಬಾಯಲ್ಲಿ ಬಾಹುಬಲಿ.
ಅವನನ್ನು ಅರೆತಿಪ್ಪೂರಿನ ಬಂಡೆಯ ಮೇಲೆ ಕಂಡಿದ್ದೇನೆ.
ಗೆದ್ದದ್ದನ್ನು ಬಿಟ್ಟು ನಿಂತವನು,
ಬಳ್ಳಿ ತೊಡೆಗೇರಿದರೂ ಕದಲದವನು,
ಅವನ ಹೆಸರನ್ನು ಹಾರುವುದಕ್ಕೆ ಇಡುವುದೇ?
"ಅದೂ ಬಿಡತ್ತೆ ಮಾಮ," ಅಂದಳು ಇಂಪನ.
"ಹೊತ್ತಿದ್ದನ್ನ ಮೇಲೆ ಬಿಟ್ಟು
ತಾನು ಚಂದ್ರನತ್ರ ಹೋಗೋದೇ ಇಲ್ಲ."

ಕುಂಚ ಡಬ್ಬಿಯಲ್ಲೇ ಉಳಿಯಿತು.
"ನಾಳೆ ಬಾ," ಅಂದೆ.

ರಾತ್ರಿ ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ
ಚಂದ್ರ ಎಂದು ಬರೆದೆ.
ದ ಕೆಳಗೆ ರ, ಕುಡುಗೋಲಿನ ಹಾಗೆ ಬಾಗಿ.
ಬೆರಳಿಂದ ಅದೊಂದನ್ನೇ ಒರೆಸಿದೆ: ಚಂದ.
ಬರೀ ಚಂದ. ಕೂತಲ್ಲೇ ಕೂತಿದೆ.
ಮತ್ತೆ ಬರೆದೆ.
ಕೆಳಗೆ ಸೇರಿ, ತಾನು ಅರ್ಧವಾಗಿ,
ಮೇಲಿನದನ್ನು ಒತ್ತಿ ಎತ್ತುವ ಅದಕ್ಕೆ
ಈವರೆಗೆ ನಾನು ಯಾರಿಂದಲೂ
ಒಂದು ರೂಪಾಯಿ ಕೇಳಿಲ್ಲ.

ಬೆಟ್ಟಸ್ವಾಮಿ ಬರಲಿಲ್ಲ. ಅರೆಯುವ ಹಂಗಾಮು ಶುರುವಾಗಿತ್ತು.
ಬೋಳು ಬಾನೆಟ್ಟಿನಲ್ಲೇ ಕಬ್ಬು ಎಳೆದ.
ಸಾಲಿನಲ್ಲಿ ಹಿಂದೆ ಕಾಲಭೈರವ, ಮುಂದೆ ಹಳ್ಳಿ ಹೈದ,
ನಡುವೆ ಇವನದು.
ನಡುರಾತ್ರಿ ಗೇಟು ತೆಗೆದಾಗ ಯಾರನ್ನು ಕೂಗುವುದು?
"ಏಯ್ ಹೆಸರಿಲ್ದೋನೇ, ಮುಂದಕ್ ತಗಿ!"
ಯಾರ ಬಾಯಿಂದ ಮೊದಲು ಬಂತೋ,
ತೂಕದ ಗುಮಾಸ್ತನೂ ಹಾಗೇ ಬರೆದುಕೊಂಡ.

ದೀಪಾವಳಿ ಕಳೆದು ಬಂದ, ಟೈರಿಗೆ ಕೆಸರು, ಮುಖದಲ್ಲಿ ನಗು.
"ಅದನ್ನೇ ಬರಿ. ಮುಂದಕ್ಕೊಂದು ಶ್ರೀ ಹಾಕು."
"ಶ್ರೀ ಬ್ಯಾಡ," ಅಂದಳು ಮಗಳು.
ಅವಳೇ ಎಣಿಸಿದಳು: ಐದಕ್ಷರ, ಇನ್ನೂರು.
"ಲ ಕೆಳಗಿನ ದ?"
"ಅದಕ್ಕೆ ದುಡ್ಡಿಲ್ಲವ್ವ."

ಹಳದಿಯಲ್ಲಿ ಐದೂ ಬರೆದು ಮುಗಿಸಿ
ಅದನ್ನು ಕೊನೆಗೆ ಬರೆದೆ, ಕೆಂಪಿನಲ್ಲಿ,
ಅತಿ ಸಣ್ಣ ಕುಂಚ,
ಉಸಿರು ಹಿಡಿದು.