ಬೆಟ್ಟದ ಹಿಂಬದಿ

ಶಾಲೆಯ ಕೀಲಿಗೊಂಚಲು ನನ್ನದು.
ಬೆಳಗಿನ ಆರಕ್ಕೆ ದೀಪ ಹಾಕಿ, ಬಾಯ್ಲರ್ ಹೊತ್ತಿಸಿ,
ಮೆಟ್ಟಿಲ ಹಿಮ ಕೆರೆದು ಮರಳೆರಚಿ
ಸೊಂಟ ನೆಟ್ಟಗೆ ಮಾಡುವ ಹೊತ್ತಿಗೆ
ಕಾಣುತ್ತದೆ ಅವಳ ಹಣೆದೀಪ:
ಬೆಟ್ಟದ ಮೈಮೇಲೆ ಅಂಕುಡೊಂಕಾಗಿ
ಇಳಿದು ಬರುವ ಒಂದು ಮಿಣುಕು.

ನಮ್ಮ ದ್ವೀಪದಲ್ಲಿ ನವೆಂಬರಿನಲ್ಲಿ ಹೋದ ಸೂರ್ಯ
ಜನವರಿ ಮುಗಿಯುವ ತನಕ ಇತ್ತ ತಲೆಹಾಕುವುದಿಲ್ಲ.
ಮೀನಿಗೆ ಹೋಗುವವರು ಹೋಗುತ್ತಾರೆ,
ಉಳಿದವರು ಪರದೆ ಎಳೆದು ಕಾಫಿ ಕುದಿಸುತ್ತಾರೆ.
ಗುನ್ವೋರ್ ಮಾತ್ರ
ಕಾಲಿಗೆ ಸ್ಕೀ, ಬೆನ್ನಿಗೆ ಹಲಗೆ ಕಟ್ಟಿಕೊಂಡು
ಶಾಲೆಯ ಹಾಜರಿಗೂ ಮುಂಚೆ
ಬೆಟ್ಟಕ್ಕೆ ಹಾಜರಿ ಹಾಕಿ ಬರುತ್ತಾಳೆ.

ಕತ್ತಲಲ್ಲಿ ಏನು ಬರೆಯುತ್ತೀ ಮಾರಾಯ್ತಿ, ಅಂದೆ.
ಕತ್ತಲನ್ನೇ, ಅಂದಳು.
ಅದರಲ್ಲಿ ಏಳು ಬಗೆ ಇದೆಯಂತೆ.
ಬಣ್ಣದ ನೀರು ಹೆಪ್ಪುಗಟ್ಟದಿರಲೆಂದು
ಸಾರಾಯಿ ಬೆರೆಸುತ್ತಾಳೆ.
ಕುಂಚಕ್ಕೆ ಮಾತ್ರ, ಎನ್ನುತ್ತಾಳೆ.
ಅರ್ಧ ನಂಬಿದ್ದೇನೆ.

ಅವಳ ತರಗತಿಯಲ್ಲಿ ಹಿಮ ಬಿಳಿ ಎಂದವರಿಗೆ
ಅಂಗಳದಲ್ಲಿ ಹತ್ತು ನಿಮಿಷ ನಿಲ್ಲುವ ಶಿಕ್ಷೆ.
ಮೂಗು ಕೆಂಪು ಮಾಡಿಕೊಂಡು ಬಂದ ಯೋರುನ್
ನೀಲಿ, ಅಂದಳು.
ಆಸ್ಲಾಕ್ ತುಂಬ ಹೊತ್ತು ಸುಮ್ಮನಿದ್ದು
ನಮ್ಮಜ್ಜಿಯ ಮುಂಗೈ ನರದ ಬಣ್ಣ, ಅಂದ.
ಅವತ್ತು ಅವಳಿಗೆ ಊಟದ ಗಂಟೆ ಕೇಳಿಸಲಿಲ್ಲ.
ಎರಡು ಸಲ ಬಾರಿಸಿದೆ.

ಎರಡು ದೋಣಿಯಲ್ಲಿ ಕಾಲಿಟ್ಟವರನ್ನು
ಈ ಬಂದರಿನಲ್ಲಿ ಕಂಡಿದ್ದೇನೆ, ಎತ್ತಿ ದಡಕ್ಕೂ ಹಾಕಿದ್ದೇನೆ.
ಈಕೆಯದು ಮೂರು ದೋಣಿ,
ಇರುವುದು ಎಲ್ಲರ ಹಾಗೆ ಎರಡೇ ಕಾಲು.
ಪಾಲಕರ ಸಭೆಯಲ್ಲಿ ತೂಕಡಿಸುತ್ತಾಳೆ.
ಅಂಕಪಟ್ಟಿ ಯಾವತ್ತೂ ತಡ.
ಒಮ್ಮೆ ಮುಖ್ಯೋಪಾಧ್ಯಾಯರ ಕಾಫಿ ಲೋಟಕ್ಕೆ
ಕುಂಚ ಅದ್ದಿದ್ದೂ ಉಂಟು,
ಅವರು ಕುಡಿದದ್ದೂ ಉಂಟು.

ಡಿಸೆಂಬರಿನಲ್ಲಿ ದಕ್ಷಿಣದ ದೊಡ್ಡ ಊರಿಂದ ಪತ್ರ ಬಂತು.
ಈಸ್ಟರಿಗೆ ಪ್ರದರ್ಶನ, ಹನ್ನೆರಡು ಚಿತ್ರ ಬೇಕು.
ಒಂಬತ್ತಿವೆ, ಅಂದಳು.
ತೋರಿಸಲಿಲ್ಲ.

ಆಮೇಲೆ ಬಿರುಗಾಳಿ.
ಒಂಬತ್ತು ದಿನ ದೋಣಿ ಬರಲಿಲ್ಲ.
ಹಾಲು ಮುಗಿಯಿತು, ಈರುಳ್ಳಿ ಮುಗಿಯಿತು,
ಶಾಲೆಯಲ್ಲಿ ಕಾಗದ ಮುಗಿಯಿತು.
ಮಕ್ಕಳು ಕಿಟಕಿಯ ಹಬೆಯಲ್ಲಿ ಗೀಚಿ ಗೀಚಿ
ಅದೂ ಬೇಸರವಾಗಿ
ಒಬ್ಬರನ್ನೊಬ್ಬರು ಗೀಚತೊಡಗಿದ ಐದನೆಯ ದಿನ
ಉಗ್ರಾಣದಿಂದ ಕಾಗದ ಕೊಯ್ಯುವ ಸದ್ದು.
ಇಣುಕಿದೆ. ಬೆನ್ನು ಮಾತ್ರ ಕಂಡಿತು.
ಎಲ್ಲೋ ಹಳೆಯ ದಾಸ್ತಾನು ಸಿಕ್ಕಿರಬೇಕು
ಎಂದುಕೊಂಡು ಒದ್ದೆಬಟ್ಟೆ ಹಿಂಡಲು ಹೋದೆ.

ಸೂರ್ಯ ಮರಳುವ ದಿನ ನಮ್ಮಲ್ಲಿ ರಜೆ.
ಸಿಹಿ ಬನ್ನು ಹಿಡಿದು ಎಲ್ಲರೂ ದಿಬ್ಬಕ್ಕೆ ಹೋದರು.
ಮೋಡವಿತ್ತು. ಬನ್ನು ತಿಂದು ಇಳಿದರು.
ಮೊಮ್ಮಗಳು ಫ್ರಿಜ್ಜಿನ ಬಾಗಿಲು ದಢಾರನೆ ಹಾಕಿದಾಗ
ಕೆಳಗೆ ಬಿತ್ತು ಅವಳು ಬರೆದ ಕಾಡ್ ಮೀನು,
ಬೋರಲಾಗಿ.

ಹಿಂಬದಿಯಲ್ಲಿ ಒಂದು ಬೆಟ್ಟದ ಕಾಲುಭಾಗ.
ಕತ್ತಿಯಿಂದ ನೇರ ಕೊಯ್ದ ಅಂಚು.
ಕನ್ನಡಕ ಹಾಕಿಕೊಂಡು ಎಣಿಸಿದೆ:
ನಾಲ್ಕು ಬಗೆಯ ಕತ್ತಲು.
ಉಳಿದ ಮೂರು ಯಾರ ಮನೆಯಲ್ಲಿವೆಯೋ.

ಮರುದಿನ ಕೇಳಿಯೇ ಬಿಟ್ಟೆ.
ಅವು ಹೇಗೂ ಸರಿಬಂದಿರಲಿಲ್ಲ, ಅಂದಳು.
ಒಂದರಲ್ಲಿ ಎಡಬದಿ ಶುದ್ಧ ಸುಳ್ಳಾಗಿತ್ತು.
ಬಗ್ಗಿ ಬೂಟಿನ ಪಟ್ಟಿ ಬಿಗಿದುಕೊಂಡಳು.
ಅಷ್ಟು ಹೊತ್ತು ಬೇಕಿರಲಿಲ್ಲ ಒಂದು ಪಟ್ಟಿಗೆ.

ಈಗ ನಾನು ಊರಿನ ನಲ್ಲಿ ರಿಪೇರಿ ಮಾಡುತ್ತಿದ್ದೇನೆ, ಪುಕ್ಕಟೆ.
ಯಾವ ಅಡುಗೆಮನೆಗೆ ಹೋದರೂ
ಯಾರೂ ಇಲ್ಲದಾಗ ಮಕ್ಕಳ ಚಿತ್ರ ತಿರುಗಿಸುತ್ತೇನೆ.
ಒಂದು ಮನೆಯಲ್ಲಿ ಶಿಖರ ಸಿಕ್ಕಿತು.
ಇನ್ನೊಂದರಲ್ಲಿ ಬರಿಯ ಆಕಾಶ, ಅದರ ಮೇಲೆ ಜಾಮಿನ ಕಲೆ.

ಆಸ್ಲಾಕನ ತಿಮಿಂಗಿಲದ ಬೆನ್ನಿಗಿತ್ತು ಬೆಟ್ಟದ ಬುಡ.
ಮೇಲಿಂದ ನೋಡಿದ ಊರು, ಒಂದೂ ಮನೆಗೆ ಬೆಳಕಿಲ್ಲ.
ತೀರ ಕೆಳಗೆ, ಅಕ್ಕಿಕಾಳಿನಷ್ಟು ಹಳದಿ,
ಚೌಕಾಕಾರ.
ಬೆಳಗಿನ ಆರಕ್ಕೆ
ಇಡೀ ದ್ವೀಪದಲ್ಲಿ ಹೊತ್ತುವುದು ಒಂದೇ ಕಿಟಕಿ.

ತಿಮಿಂಗಿಲವನ್ನು ಮೇಲೆ ಮಾಡಿ ಇಟ್ಟೆ.
ಅವರ ನಲ್ಲಿ ಸೋರುತ್ತಿರಲಿಲ್ಲ.
ಆದರೂ ಒಂದು ಸುತ್ತು ಬಿಗಿಮಾಡಿ ಬಂದೆ.