ಚಂದ್ರಿಕೆಯ ಮೇಲೆ ಮೂರು ಕೋವಿ

ಹುಳು ಮನೆಯಲ್ಲಿ ಆ ವಾರ ಹುಳುವಿರಲಿಲ್ಲ.
ಬ್ಲೀಚಿಂಗ್ ಪುಡಿಯ ವಾಸನೆ, ಖಾಲಿ ತಟ್ಟೆ.
ಗೋಡೆಗೆ ಒರಗಿದ್ದ ಚಂದ್ರಿಕೆಯೊಂದನ್ನು ಮಲಗಿಸಿ
ಪಿಳ್ಳಾರೆಡ್ಡಿ ಮೂರು ಕೋವಿ ಸಾಲಾಗಿಟ್ಟ,
ಗೂಡು ಕಟ್ಟಲು ಹುಳು ಬಿಟ್ಟ ಹಾಗೆ.
"ನೋಡಮ್ಮ ಸೆಕ್ರೆಟ್ರಿ. ಬೇಕಾದ್ದು ಎತ್ಕೋ."

ನಾನು ಡೇರಿಯಲ್ಲಿ ಹಾಲಿನ ಡಿಗ್ರಿ ನೋಡುವವಳು,
ಒಂದು ಪಾಯಿಂಟು ಇಳಿದರೂ ಊರಿಗೆ ಕೇಳುವಂತೆ ಹೇಳುವವಳು.
ಲೈಸೆನ್ಸು ಬಂದ ದಿನ
ಗುಡಿಬಂಡೆ ತಾಲ್ಲೂಕು ಕಚೇರಿಯ ಗುಮಾಸ್ತ
ಅಶ್ವತ್ಥಮ್ಮ ಅನ್ನುವುದನ್ನು ಎರಡು ಸಲ ಓದಿ
ಕನ್ನಡಕ ಒರೆಸಿಕೊಂಡ.
ತಪ್ಪೇನಿರಲಿಲ್ಲ.
ಹತ್ತು ಗುಂಟೆ ಗೆಣಸು, ಅರ್ಧ ಎಕರೆ ಜೋಳ,
ಎರಡು ವರ್ಷ ಹಂದಿ ಉತ್ತು ಹಾಕಿದ್ದು
ನನ್ನ ಹೆಸರಿನ ಪಹಣಿಯಲ್ಲೇ.

ಮೊದಲನೆಯದು ಕೇಪಿನ ಕೋವಿ.
ನಿಲ್ಲಿಸಿದರೆ ನನ್ನ ಗಲ್ಲಕ್ಕೆ ಬರುತ್ತದೆ. ನಳಿಗೆಗೆ ತಾಮ್ರದ ತಂತಿ ಸುತ್ತು.
"ಮದ್ದು, ನಾರು, ರವೆ, ಮತ್ತೆ ನಾರು, ಮೇಲೆ ಗಜದಲ್ಲಿ ಗುದ್ದು.
ಒಂದು ತಪ್ಪಿದರೆ ಇನ್ನೊಂದಕ್ಕೆ ಮುದ್ದೆ ಬೇಯುವಷ್ಟು ಹೊತ್ತು.
ಪಂದಿ ಕಾಯ್ತಾ ಕೂರ್ತದಾ?"
ಹಂದಿ ಅವನ ಬಾಯಲ್ಲಿ ಪಂದಿಯೇ. ನಮ್ಮ ಕಡೆ
ಲೆಕ್ಕ ಕನ್ನಡದಲ್ಲಿ, ಭಯ ತೆಲುಗಿನಲ್ಲಿ.

ಎರಡನೆಯದು ಜೋಡು ನಳಿಗೆ, ಅವನ ಮುದ್ದಿನದು.
ನಡುಮನೆಯ ಫೋಟೋದಲ್ಲಿ ಸತ್ತ ಹಂದಿಯ ಮೇಲೆ ಕಾಲಿಟ್ಟು
ಇದನ್ನೇ ಹಿಡಿದು ನಿಂತಿದ್ದಾನೆ, ಮೀಸೆ ಆಗ ಕಪ್ಪು.
ಎತ್ತಿದೆ. ಮೂರೂವರೆ ಲೀಟರು ಹಾಲಿನ ತೂಕ,
ಆದರೆ ಹಾಲನ್ನು ಯಾರೂ ತೋಳು ಚಾಚಿ ಹಿಡಿಯುವುದಿಲ್ಲ.
ಮೂತಿ ಮೆಲ್ಲಗೆ ನೆಲ ನೋಡಿತು.
"ಅಭ್ಯಾಸ ಆಗ್ತದೆ" ಎಂದ, ಕೊಡುವ ಮನಸ್ಸಿಲ್ಲದೆ.

ಮೂರನೆಯದು ಒಂಟಿ ನಳಿಗೆ, ಗಿಡ್ಡ.
ಸೀಳಿದ ಹಿಡಿಗೆ ಹಿತ್ತಾಳೆ ಪಟ್ಟಿ.
"ಅದು ಬಿಡು. ಅಡ್ಡ ಹೋಗ್ತದೆ.
ನಾನು ಹೊಡೆದದ್ದೆಲ್ಲ ಹುಣಸೆ ಮರಕ್ಕೆ."

ನಾನು ಎಡಚಿ.
ಮೇಷ್ಟ್ರು ಗಿಣ್ಣಿಗೆ ಬಾರಿಸಿ ಬರವಣಿಗೆಯೊಂದನ್ನು ಬಲಕ್ಕೆ ದಾಟಿಸಿದರು,
ಕುಡುಗೋಲು, ಪೊರಕೆ, ಬೀಸುವ ಕಲ್ಲು ಎಡಕ್ಕೇ ಉಳಿದವು.
ಎಡಭುಜಕ್ಕೆ ಒತ್ತಿ ಕೆನ್ನೆ ಇಟ್ಟೆ.
ಅಲ್ಲಿ ಜಾಗವಿತ್ತು.
ಮರದ ಬಲ ಮಗ್ಗುಲು ಸವೆದಿತ್ತು,
ಎಮ್ಮೆ ಕಟ್ಟುವ ಗೂಟ ಹಗ್ಗಕ್ಕೆ ಸವೆಯುವ ಹಾಗೆ,
ಯಾರದೋ ಎಡಗೆನ್ನೆಗೆ, ವರ್ಷಗಟ್ಟಲೆ.
ಎಣ್ಣೆಯ ಜೊತೆ ಇನ್ನೊಂದು ವಾಸನೆ. ಅರಿಶಿನ ಇರಬಹುದು.
ಇಲ್ಲದೆಯೂ ಇರಬಹುದು.

"ಇದನ್ನ ಯಾರು ಹಿಡೀತಿದ್ದರು?"

ರೆಡ್ಡಿ ಚಂದ್ರಿಕೆಯ ಸಡಿಲ ಬಿದಿರೊಂದನ್ನು
ಸರಿಪಡಿಸತೊಡಗಿದ.
ಜಗಲಿಯ ಮೇಲೆ ಅವನ ಹೆಂಡತಿ ಆದೆಮ್ಮ
ಈಳಿಗೆಯ ಮುಂದೆ ಕೂತು ಕುಂಬಳ ಹೆಚ್ಚುತ್ತಿದ್ದಳು,
ಎಡಗೈಯಲ್ಲಿ ಹೋಳು ಒತ್ತಿ ಒತ್ತಿ.
ತಲೆ ಎತ್ತಲಿಲ್ಲ.
"ಎಳೆಯೋಕೆ ಮುಂಚೆ ಉಸಿರು ಬಿಡು" ಅಂದಳು. "ಹಿಡ್ಕೋಬೇಡ.
ಗಂಡಸ್ರು ಹಿಡ್ಕೋತಾರೆ."

ಫೋಟೋದತ್ತ ನಾನು ನೋಡಲಿಲ್ಲ. ರೆಡ್ಡಿಯೂ.
ಬೆಲೆಯಲ್ಲಿ ಚೌಕಾಸಿ ಆಗಲಿಲ್ಲ.

ಹಂದಿ ಹೊಡೆದೆಯಾ ಎಂದು ಡೇರಿಯಲ್ಲಿ ದಿನಾ ಕೇಳುತ್ತಾರೆ.
ಕೋವಿ ಮನೆಗೆ ಬಂದ ಒಂಬತ್ತನೇ ದಿನ
ಚುನಾವಣೆ ಸಾರಿದರು. ಸ್ಟೇಷನ್ನಿನ ಮೂಲೆಯಲ್ಲಿ ಈಗ ಅದು,
ಕುದುರೆಗೆ ದಾರ, ದಾರಕ್ಕೆ ಚೀಟಿ,
ಚೀಟಿಯಲ್ಲಿ ನನ್ನ ಬಲಗೈ ಸಹಿ,
ಮತ ಎಣಿಕೆ ಮುಗಿಯುವವರೆಗೆ.

ಹಂದಿಗಳಿಗೆ ನೀತಿ ಸಂಹಿತೆ ಇಲ್ಲ.
ನಿನ್ನೆ ರಾತ್ರಿ ಬಂದವು. ಜೋಳದ ದಂಟು ಲಟಲಟ.
ಬದುವಿನ ಮೇಲೆ ತಗಡಿನ ಡಬ್ಬ ಹಿಡಿದು
ಹನ್ನೊಂದರವರೆಗೆ ಎಣಿಸಿದೆ.
ಆಮೇಲೆ ಏನು ಹೊಳೆಯಿತೋ,
ಡಬ್ಬ ಕೆಳಗಿಟ್ಟು, ಬಲಗಾಲು ಮುಂದಿಟ್ಟು,
ಏನೂ ಇಲ್ಲದ್ದಕ್ಕೆ ಎಡಗೆನ್ನೆ ವಾಲಿಸಿ
ಉಸಿರು ಬಿಟ್ಟೆ.
ದೊಡ್ಡದೊಂದು ಮೂತಿ ಎತ್ತಿ ಇತ್ತ ನೋಡಿತು,
ಮಣ್ಣು ಮೆತ್ತಿದ ಮೂತಿ,
ತಿನ್ನುವುದ ನಿಲ್ಲಿಸಿ ಒಂದು ಗಳಿಗೆ.

ಆಮೇಲೆ ಡಬ್ಬ ಬಡಿದೆ.

ನಾಳೆ ಡೇರಿ ಮುಗಿಸಿ ಸ್ಟೇಷನ್ನಿಗೆ ಹೋಗಬೇಕು,
ಎಣ್ಣೆ ಬಟ್ಟೆ ಒಂದು ಚೂರು ಕೊಟ್ಟು ಬರಬೇಕು.
ಆ ಮೂಲೆ ತೇವ.
ಹಿತ್ತಾಳೆ ಕಿಲುಬು ಹಿಡಿಯುತ್ತದೆ.